ಕೊಬ್ಬರಿ ಅಟ್ಟದ ಕೆಳಗಿನ ಕಾರು

ಕೆಲವು ತಿಂಗಳ ಹಿಂದೆ ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಕರ್ನಾಟಕದ ಕೈಗಾರಿಕೆಗಳ ವಿಷಯ ಚರ್ಚೆಗೆ ಬಂದಿತ್ತು. ಮುಗಿಯಲು ನಾಲ್ಕೈದು ನಿಮಿಷ ಉಳಿದಿದ್ದಾಗ ತಿಪಟೂರು ಕಡೆಯ ವೀಕ್ಷಕರೊಬ್ಬರು ದೂರವಾಣಿಯಲ್ಲಿ ಕೇಳಿದರು: "ನಮ್ಮ ರಾಜ್ಯದಲ್ಲಿ ಕಾರು ತಯಾರಾಗಲು ಶುರುವಾದದ್ದು ಯಾವಾಗ?" ಅತಿಥಿಗಳು ಒಂದು ಕ್ಷಣವೂ ಯೋಚಿಸದೆ, "ಬಿಡದಿಯಲ್ಲಿ, 1999ರಲ್ಲಿ" ಎಂದುಬಿಟ್ಟರು. ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ನನಗೆ ಕೈಕೈ ಹಿಸುಕಿಕೊಳ್ಳುವಂತಾಯಿತು. ನೇರ ಪ್ರಸಾರದಲ್ಲಿ ನಿರ್ಮಾಪಕ ಬಾಯಿ ಹಾಕುವಂತಿಲ್ಲ. ನಿರೂಪಕಿಯ ಕಿವಿಗೆ ಒಂದು ಮಾತು ತಲುಪಿಸುವಷ್ಟರಲ್ಲಿ ಮುಕ್ತಾಯದ ಸಂಗೀತ ಶುರುವಾಗಿತ್ತು.

ಬಿಡದಿಯ ಕಾರ್ಖಾನೆಗೆ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಬೆಂಗಳೂರಿನಲ್ಲಿ ಕಾರು ತಯಾರಾಗುತ್ತಿತ್ತು ಎಂಬುದಕ್ಕೆ ನನ್ನ ಬಳಿ ಒಂದು ಸಾಕ್ಷಿ ಇದೆ. ಅದು ಗಂಡಸಿಯಲ್ಲಿ, ನಮ್ಮ ದೊಡ್ಡಪ್ಪನ ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ ನಿಂತಿದೆ. ಅದಕ್ಕೆ ಮೂರೇ ಚಕ್ರ. ಮೈಯೆಲ್ಲ ಫೈಬರ್ ಗ್ಲಾಸ್. ಎಂಜಿನ್ ಹಿಂದೆ. ಹೆಸರು 'ಬಾದಲ್', ಎಂದರೆ ಮೋಡ. ಆ ದಿನ ತೆರೆಯ ಮೇಲೆ ಹೇಳಲಾಗದ ಉತ್ತರವನ್ನು ಈ ಪುಟಗಳಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಡುವೆ ಮನೆಯ ವಿಷಯವೂ ಬರುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ನಮ್ಮ ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. 1981ರಲ್ಲಿ ಬೆಂಗಳೂರಿಗೆ ಯಾವುದೋ ತರಬೇತಿಗೆ ಹೋದವರು ವಾಪಸು ಬಸ್ಸಿನಲ್ಲಿ ಬರದೆ ಈ ಗಾಡಿಯಲ್ಲಿ ಬಂದರಂತೆ. ಯಾರೋ ಮೂರು ವರ್ಷ ಓಡಿಸಿ ಮಾರುತ್ತಿದ್ದುದನ್ನು ಕೊಂಡಿದ್ದರು. ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಚಹಾ ಕುಡಿಯುತ್ತಿದ್ದ ಜನ ಎದ್ದು ನಿಂತು ನೋಡಿದರು ಎಂಬ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಂದಿನಿಂದ ಊರಿನಲ್ಲಿ ಅವರಿಗೆ 'ಮೂರ್ಗಾಲಿ ಮೇಷ್ಟ್ರು' ಎಂಬ ಹೆಸರು ಅಂಟಿಕೊಂಡಿತು. ಅವರು ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. "ಮೂರು ಬಿಂದು ಸಾಕು ಕಣೋ ಒಂದು ಸಮತಲಕ್ಕೆ. ನಾಲ್ಕನೆಯದು ಬಂದರೇನೇ ಕುಂಟೋದು," ಎನ್ನುತ್ತಿದ್ದರು. ಉಬ್ಬುತಗ್ಗಿನ ನೆಲದ ಮೇಲೆ ನಾಲ್ಕು ಕಾಲಿನ ಮೇಜು ಅಲ್ಲಾಡುತ್ತದೆ, ಮುಕ್ಕಾಲಿ ಅಲ್ಲಾಡುವುದಿಲ್ಲ. ಜ್ಯಾಮಿತಿಯ ಈ ಪಾಠವನ್ನು ನಾನು ಕಲಿತದ್ದು ಆ ಕಾರಿನ ಬಾನೆಟ್ಟಿನ ಮೇಲೆ ಕುಳಿತು.

ಆ ಕಾಲದಲ್ಲಿ ಒಬ್ಬ ಮೇಷ್ಟ್ರು ಕಾರು ಕೊಳ್ಳುವುದು ಎಂದರೇನೆಂದು ಇಂದಿನವರಿಗೆ ಹೇಳಬೇಕು. ದೇಶದಲ್ಲಿ ಇದ್ದದ್ದು ಮುಖ್ಯವಾಗಿ ಕಲ್ಕತ್ತದ ಅಂಬಾಸಡರ್, ಮುಂಬಯಿಯ ಫಿಯಟ್ ಪದ್ಮಿನಿ, ಮದರಾಸಿನ ಸ್ಟ್ಯಾಂಡರ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಈ ಸ್ಥಿತಿ ಹೇಗೆ ಬಂತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ದೇಶದ ಕಾರು ಉದ್ಯಮ ಹುಟ್ಟಿದ್ದೇ ಪೆಟ್ಟಿಗೆಗಳಿಂದ. ಫೋರ್ಡ್ 1926ರಿಂದ, ಜನರಲ್ ಮೋಟರ್ಸ್ 1928ರಿಂದ ಹಡಗಿನಲ್ಲಿ ಬಿಡಿಭಾಗಗಳ ಪೆಟ್ಟಿಗೆ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದವು. ಸ್ವಾತಂತ್ರ್ಯದ ನಂತರ ಸರ್ಕಾರ, "ಬರೀ ಜೋಡಿಸುವುದು ಸಾಲದು, ಇಲ್ಲೇ ತಯಾರಿಸುವ ಯೋಜನೆ ಇದ್ದರೆ ಇರಿ, ಇಲ್ಲದಿದ್ದರೆ ಹೊರಡಿ" ಎಂಬ ಅರ್ಥದ ನೀತಿ ತಂದಿತು. 1953ರ ಸುಂಕ ಆಯೋಗದ ಶಿಫಾರಸಿನ ಬಳಿಕ ಆ ಎರಡೂ ಕಂಪನಿಗಳು ಬಾಗಿಲು ಮುಚ್ಚಿದವು. ಉಳಿದವರಿಗೆ ಪೈಪೋಟಿಯೇ ಇರಲಿಲ್ಲ. 1960ರ ಹೊತ್ತಿಗೆ ಎಲ್.ಕೆ. ಝಾ ಸಮಿತಿ ಸಾಮಾನ್ಯರಿಗೆ ಎಟುಕುವ ಸಣ್ಣ ಕಾರು ಬೇಕೆಂದು ಹೇಳಿತು. ಕಾರು ಮಾತ್ರ ಬರಲಿಲ್ಲ. 1970ರಲ್ಲಿ ಸಂಜಯ ಗಾಂಧಿಯವರ ಮಾರುತಿ ಯೋಜನೆಗೆ ಅನುಮತಿ ಪತ್ರ ಸಿಕ್ಕಿತು. ಆ ಮೊದಲ ಮಾರುತಿ ಕಂಪನಿಯೂ ಮಾರುಕಟ್ಟೆಗೆ ಕಾರು ತಲುಪಿಸಲಾಗದೆ 1978ರಲ್ಲಿ ಮುಚ್ಚಿತು.

ಈ ನಡುವೆ 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ಹತ್ತಿತು. ಪೀಪಾಯಿಗೆ ಮೂರು ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಪೆಟ್ರೋಲ್ ಕುಡಿಯುವ ದೊಡ್ಡ ಕಾರು ಮನೆಯ ಮುಂದೆ ಆನೆ ಕಟ್ಟಿದಂತಾಯಿತು. ಇಂಥ ಹೊತ್ತಿನಲ್ಲಿ, 1974ರಲ್ಲಿ, ಬೆಂಗಳೂರಿನಲ್ಲಿ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಕಂಪನಿ ಹುಟ್ಟಿತು. ಅದೇ ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಯಿತು. ಅವರ ಮೊದಲ ಕಾರೇ ಬಾದಲ್: ಮುಂದೆ ಒಂದು ಚಕ್ರ, ಹಿಂದೆ ಎರಡು, ನಾಲ್ಕು ಜನಕ್ಕೆ ಜಾಗ, ಒಂದೇ ಸಿಲಿಂಡರಿನ, 198 ಸಿ.ಸಿ.ಯ ಎರಡು ಹೊಡೆತದ ಎಂಜಿನ್. ಸ್ಕೂಟರಿನವನು ಮಳೆಯಲ್ಲಿ ನೆನೆಯದೆ ಹೆಂಡತಿ ಮಕ್ಕಳ ಜೊತೆ ಹೋಗಬಹುದಾದ ಗಾಡಿ ಎಂದರೆ ಅದರ ಉದ್ದೇಶ ಪೂರ್ತಿ ಹೇಳಿದಂತೆ.

ಕಬ್ಬಿಣದ ತಗಡು ಬಿಟ್ಟು ಫೈಬರ್ ಗ್ಲಾಸ್ ಏಕೆ? ಇಲ್ಲಿದೆ ಈ ಕಥೆಯ ಅರ್ಥಶಾಸ್ತ್ರ. ತಗಡಿನ ಕಾರು ಮಾಡಬೇಕಾದರೆ ಬಾಗಿಲು, ಛಾವಣಿ, ಬಾನೆಟ್ಟು ಪ್ರತಿಯೊಂದಕ್ಕೂ ಉಕ್ಕಿನ ಅಚ್ಚುಗಳು ಬೇಕು, ಅವುಗಳನ್ನು ಒತ್ತುವ ದೈತ್ಯ ಯಂತ್ರಗಳು ಬೇಕು. ಅದಕ್ಕೆ ಸುರಿಯುವ ಹಣ ಎಷ್ಟೆಂದರೆ, ವರ್ಷಕ್ಕೆ ಹತ್ತಾರು ಸಾವಿರ ಕಾರು ಮಾರಿದರೆ ಮಾತ್ರ ಹುಟ್ಟುತ್ತದೆ. ಫೈಬರ್‌ಗೆ ಸಾಕಾಗುವುದು ಫೈಬರ್‌ನದೇ ಒಂದು ಅಚ್ಚು. ಅದರೊಳಗೆ ಮೇಣ ಸವರಿ, ಬಣ್ಣದ ಪದರ ಬಳಿದು, ಗಾಜಿನ ಎಳೆಗಳ ಚಾಪೆ ಹಾಸಿ, ಮೇಲೆ ಪಾಲಿಯೆಸ್ಟರ್ ರೆಸಿನ್ ಎಂಬ ಜೇನಿನಂಥ ದ್ರವವನ್ನು ಬ್ರಷ್ಷಿನಿಂದ ಮೆತ್ತಬೇಕು. ರೆಸಿನ್‌ಗೆ ಮೊದಲೇ ಕೆಲವು ತೊಟ್ಟು ಗಟ್ಟಿಕಾರಕ ಬೆರೆಸಿರುತ್ತಾರೆ. ಅದು ಬಿದ್ದೊಡನೆ ಉದ್ದುದ್ದ ಅಣುಸರಪಳಿಗಳು ಒಂದಕ್ಕೊಂದು ಅಡ್ಡಲಾಗಿ ಹೆಣೆದುಕೊಳ್ಳುತ್ತವೆ, ಶಾಖ ಹೊಮ್ಮುತ್ತದೆ, ದ್ರವ ಕಲ್ಲಾಗುತ್ತದೆ. ಒಮ್ಮೆ ಕಲ್ಲಾದರೆ ಮತ್ತೆ ಕರಗದು. ಎಳೆ ಎಳೆತವನ್ನು ತಡೆಯುತ್ತದೆ, ರೆಸಿನ್ ಎಳೆಯನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಬೆರೆಸುತ್ತಿದ್ದ ನಮ್ಮ ಹಿರಿಯರಿಗೆ ಈ ತತ್ವ ಹೊಸದಲ್ಲ.

ಹಾಗಾದರೆ ಎಲ್ಲರೂ ಫೈಬರ್ ಕಾರನ್ನೇ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ತೊಡಕಿರುವುದು ವೇಗದಲ್ಲಿ. ಒಂದು ಅಚ್ಚಿನಿಂದ ಒಂದು ಮೈ ತೆಗೆಯಲು ಗಂಟೆಗಳು ಬೇಕು, ಅದೂ ಕೈಕೆಲಸ. ಒತ್ತುಯಂತ್ರದಲ್ಲಿ ಒಂದು ಬಾಗಿಲು ಕೆಲವೇ ಸೆಕೆಂಡಿನ ಮಾತು. ಹಾಗಾಗಿ ಕೆಲವು ನೂರು ಕಾರಿಗೆ ಫೈಬರ್ ಅಗ್ಗ, ಲಕ್ಷ ಕಾರಿಗೆ ತಗಡು ಅಗ್ಗ. ಅಮೆರಿಕದ ಷೆವರ್ಲೆ ಕಂಪನಿ 1953ರಲ್ಲಿ ಕಾರ್ವೆಟ್ ಎಂಬ ಫೈಬರ್ ಮೈಯ ಕಾರನ್ನು ತಂದಾಗಲೂ ಮೊದಲು ಮಾಡಿದ್ದು ಕೆಲವೇ ನೂರು. ಬಂಡವಾಳ ಕಡಿಮೆ ಇದ್ದು ಕನಸು ದೊಡ್ಡದಿದ್ದವರು ಪ್ರಪಂಚದ ಎಲ್ಲ ಕಡೆ ಹಿಡಿದದ್ದು ಇದೇ ದಾರಿ. ಬೆಂಗಳೂರಿಗಂತೂ ಈ ವಿದ್ಯೆ ಹೊಂದುತ್ತಿತ್ತು. 1987ರಲ್ಲಿ ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ಕಟ್ಟಿಕೊಳ್ಳುವವರಿಗಾಗಿ ರೂಪಿಸಿದ್ದ ವಿನ್ಯಾಸವನ್ನು ಆಧರಿಸಿ ಗಾಜಿನೆಳೆಯ ಪುಟ್ಟ ವಿಮಾನವೊಂದನ್ನು ಹಾರಿಸಿತು. ಅದರ ಎಂಜಿನ್ನೂ ಹಿಂದೆ! 1993ರಲ್ಲಿ ಹಾರಿದ ಹಂಸ ವಿಮಾನದ ಮೈಯೂ ಇದೇ ಜಾತಿಯದು.

ಈಗ ಎಂಜಿನ್ನಿನ ಜಾಗದ ವಿಷಯ. ಇದರಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನಗೆ ಇದು ಇಷ್ಟ.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಂಗಿನಕಾಯಿಯ ಹೇರು ಮುಂದಕ್ಕೆ ಬಂದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಹೋದರೆ ಮೂಕಿ ಮೇಲಕ್ಕೆದ್ದು ಕೊರಳ ಕಣ್ಣಿ ಬಿಗಿಯುತ್ತದೆ. ಬಲ್ಲ ರೈತ ಹೇರನ್ನು ಅಚ್ಚಿನ ಮೇಲೆ, ಕೂದಲೆಳೆಯಷ್ಟು ಮುಂದೆ ಇಡುತ್ತಾನೆ. ಕಾರು ಕಟ್ಟುವವರು ಕಳೆದ ನೂರು ವರ್ಷದಿಂದ ಜಗಳವಾಡುತ್ತಿರುವುದು ಇದೇ ವಿಷಯಕ್ಕೆ. ಕಾರಿನಲ್ಲಿ ಅತಿ ಭಾರದ ವಸ್ತು ಎಂಜಿನ್. ಅದನ್ನು ಮುಂದಿಡಬೇಕೆ, ಹಿಂದಿಡಬೇಕೆ, ನಡುವೆ ಇಡಬೇಕೆ?

ನೀವೇ ಒಂದು ಪ್ರಯೋಗ ಮಾಡಿ ನೋಡಿ. ಒಂದು ಗಳುವಿನ ಎರಡು ತುದಿಗೂ ಒಂದೊಂದು ತೆಂಗಿನಕಾಯಿ ಕಟ್ಟಿ, ನಡುವೆ ಹಿಡಿದು ಅತ್ತ ಇತ್ತ ತಿರುಗಿಸಿ. ತಿರುಗಿಸುವುದೂ ಕಷ್ಟ, ತಿರುಗತೊಡಗಿದ ಮೇಲೆ ನಿಲ್ಲಿಸುವುದೂ ಕಷ್ಟ. ಈಗ ಅದೇ ಎರಡು ಕಾಯಿಗಳನ್ನು ನಿಮ್ಮ ಮುಷ್ಟಿಯ ಪಕ್ಕಕ್ಕೆ ತಂದು ಕಟ್ಟಿ. ತೂಕ ಒಂದೇ, ಆದರೆ ಗಳು ಮಾತು ಕೇಳುತ್ತದೆ. ಕಾಲೇಜಿನಲ್ಲಿ ಇದನ್ನು ಜಡತ್ವದ ಮಹತ್ವ ಎಂದು ಕಲಿಸುತ್ತಾರೆ. ತೂಕವು ತಿರುಗುವ ಕೇಂದ್ರದಿಂದ ಎಷ್ಟು ದೂರ ಇದೆಯೋ ಆ ದೂರದ ವರ್ಗದಷ್ಟು ಪಟ್ಟು ಅದರ ಹಟ ಹೆಚ್ಚುತ್ತದೆ. ಎಂಜಿನ್ನನ್ನು ಚಾಲಕನ ಬೆನ್ನಿನ ಹಿಂದೆ, ಹಿಂದಿನ ಅಚ್ಚಿಗಿಂತ ಮುಂದೆ ಕೂರಿಸಿದ ಕಾರು ತಿರುವಿನಲ್ಲಿ ಚುರುಕಾಗಿರುವುದು ಇದೇ ಕಾರಣಕ್ಕೆ. ಫರ್ಡಿನಾಂಡ್ ಪೋರ್ಷೆ 1934ರ ಆಟೋ ಯೂನಿಯನ್ ಪಂದ್ಯದ ಕಾರುಗಳಲ್ಲಿ ಹೀಗೇ ಮಾಡಿದ್ದರು. ಯುದ್ಧದ ನಂತರ ಇಂಗ್ಲೆಂಡಿನ ಕೂಪರ್ ಎಂಬ ತಂದೆ ಮಗ ಗ್ಯಾರೇಜಿನಲ್ಲಿ ಮೋಟಾರ್ ಸೈಕಲ್ ಎಂಜಿನ್ನನ್ನು ಚಾಲಕನ ಹಿಂದಿಟ್ಟು ಪುಟ್ಟ ರೇಸ್ ಕಾರು ಕಟ್ಟಿದರು. ಸರಪಳಿಯಿಂದ ಹಿಂಚಕ್ರ ತಿರುಗಿಸಲು ಅದೇ ಸುಲಭವಾಗಿತ್ತು. ಆ ಮನೆಯ ಕಾರುಗಳೇ ಬೆಳೆದು 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಭಮ್‌ಗೆ ವಿಶ್ವ ಚಾಂಪಿಯನ್ ಪಟ್ಟ ತಂದವು. ಕೆಲವೇ ವರ್ಷಗಳಲ್ಲಿ ಎಲ್ಲರ ಎಂಜಿನ್ನೂ ಬೆನ್ನ ಹಿಂದೆ ಹೋಯಿತು. ನಮ್ಮ ದೇಶದಲ್ಲಿ ಕೊಯಮತ್ತೂರಿನ ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ನನ್ನು ಚಾಲಕನ ಹಿಂದೆ ಕೂರಿಸಿ ಕಟ್ಟಿದ 'ಫಾರ್ಮುಲಾ ಮಾರುತಿ' ಕಾರುಗಳೂ ಈ ಗೋತ್ರದವೇ. ನಾರಾಯಣ್ ಕಾರ್ತಿಕೇಯನ್ ಅಂಥ ಕಾರುಗಳಲ್ಲಿ ಪಳಗಿ 2005ರಲ್ಲಿ ಫಾರ್ಮುಲಾ ಒನ್ ತಲುಪಿದರು.

ಇಂಥ ಕಾರು ಶ್ರೀಮಂತರಿಗೆ ಮಾತ್ರ ಎಂದುಕೊಳ್ಳಬೇಡಿ. ಮದುವೆ ದಿಬ್ಬಣಕ್ಕೆ ಮಾರುತಿ ವ್ಯಾನಿನಲ್ಲಿ ಹನ್ನೊಂದು ಜನ ಕೂತು ಹೋಗಿದ್ದೀರಲ್ಲ, ಮುಂದಿನ ಸೀಟಿನಲ್ಲಿ ಕೂತವರಿಗೆ ಕೆಳಗಿಂದ ಬಿಸಿ ಬಡಿಯುತ್ತಿತ್ತಲ್ಲ? ಎಂಜಿನ್ ಸೀಟಿನ ಅಡಿಯಲ್ಲೇ ಇತ್ತು. ನಡು ಎಂಜಿನ್ನಿನ ಕಾರಿನ ಸುಖ ನಮ್ಮ ಹಾಸನ ಜಿಲ್ಲೆಯ ಜನಕ್ಕೆ ಸಾಕಷ್ಟು ಪರಿಚಯವಿದೆ.

ಬಾದಲ್ ಗಾಡಿಯನ್ನು ಪುಸ್ತಕಗಳು ಹಿಂದಿನ ಎಂಜಿನ್ನಿನದು ಎಂದೇ ಕರೆಯುತ್ತವೆ. ಅದು ಸರಿ. ಆದರೆ ಮುಂದೆ ಒಂದೇ ಚಕ್ರವಿರುವ ಗಾಡಿಗೆ ಭಾರ ಹಿಂದಿರಲೇಬೇಕು. ಮುಂಚಕ್ರದಿಂದ ಹಿಂದಿನ ಎರಡು ಚಕ್ರಗಳಿಗೆ ಗೆರೆ ಎಳೆದರೆ ತ್ರಿಕೋನವಾಗುತ್ತದೆ. ತಿರುವಿನಲ್ಲಿ ಗಾಡಿ ಮಗುಚುವುದು ಈ ಗೆರೆಯ ಮೇಲೆ. ಭಾರದ ಕೇಂದ್ರ ತ್ರಿಕೋನದ ಅಗಲವಾದ ಬುಡದ ಕಡೆ ಇದ್ದಷ್ಟೂ ಗೆರೆಯಿಂದ ದೂರ, ಅಷ್ಟಷ್ಟೂ ಕ್ಷೇಮ. ಆಟೋರಿಕ್ಷಾದ ಎಂಜಿನ್ ಹಿಂದಿರುವುದೂ ಅದಕ್ಕೇ. ಬ್ರೇಕು ಹಾಕಿದಾಗ ಮಾತ್ರ ಭಾರ ಮುಂದಕ್ಕೆ, ತ್ರಿಕೋನದ ಮೂತಿಯ ಕಡೆ ನುಗ್ಗುತ್ತದೆ. ದೊಡ್ಡಪ್ಪ ನಮ್ಮ ಅಣ್ಣನಿಗೆ ಓಡಿಸಲು ಕಲಿಸುವಾಗ ಹೇಳಿದ್ದು ಒಂದೇ ಮಾತು: "ತಿರುವಿಗೆ ಮುಂಚೆ ಬ್ರೇಕ್ ಹಾಕು. ತಿರುವಿನಲ್ಲಿ ಹಾಕಿದರೆ ಆಕಾಶ ನೋಡ್ತೀಯ."

ಕಿಟ್ ಕಾರು ಎಂಬ ಮಾತು ಕೇಳಿದ್ದೀರಾ? ಇಂಗ್ಲೆಂಡಿನಲ್ಲಿ ಯುದ್ಧದ ನಂತರ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಬೀಳುತ್ತಿರಲಿಲ್ಲ. ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ 1957ರಲ್ಲಿ ಸೆವೆನ್ ಎಂಬ ಕಾರನ್ನು ಹೀಗೆ ಮಾರಿ ಹೆಸರಾದರು. ಅವರದೇ ಯುರೋಪಾ 1966ರದು; ಫೈಬರ್ ಮೈ, ನಡುವೆ ರೆನೋ ಎಂಜಿನ್. 1973ರ ಏಪ್ರಿಲ್‌ನಲ್ಲಿ ಅಲ್ಲಿ ಹೊಸ ತೆರಿಗೆ ಬಂದು ಈ ಅನುಕೂಲ ಹೋಯಿತು. ಕಿಟ್ ಕಾರಿನ ಹುಚ್ಚು ಮಾತ್ರ ಹೋಗಲಿಲ್ಲ. ನಮ್ಮಲ್ಲಿ ಆ ಹುಚ್ಚಿಗೆ ಅವಕಾಶವೇ ಇರಲಿಲ್ಲ. ಒಂದು ಕಾರ್ಬೊರೇಟರ್ ತರಿಸಲು ಆಮದು ಪರವಾನಗಿ ಬೇಕಿದ್ದ ದೇಶದಲ್ಲಿ ಕಾರಿನ ಕಿಟ್ ಯಾರು ತರಿಸುತ್ತಾರೆ? ನಮ್ಮ ಕಿಟ್ ಕಾರುಗಳನ್ನು ಕಂಪನಿಗಳೇ ತರಿಸಿ ಕಂಪನಿಗಳೇ ಜೋಡಿಸಿದವು.

ಸಿಪಾನಿಯವರ ಮುಂದಿನ ಹೆಜ್ಜೆ ಅದೇ. ಬಾದಲ್‌ಗೆ ನಾಲ್ಕು ಚಕ್ರದ ರೂಪವೂ ಬಂದಿತ್ತು. ಆಮೇಲೆ ಅವರು ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ ಕಡೆ ತಿರುಗಿದರು. ಫೈಬರ್ ಮೈಯ ಕಾರನ್ನು ಬಂಡವಾಳವಿಲ್ಲದ ದೇಶಗಳಿಗೆ ಕಲಿಸಿಕೊಡುವುದರಲ್ಲಿ ರಿಲಯಂಟ್ ಪಳಗಿದ ಕೈ. ಇಸ್ರೇಲಿನ ಸಾಬ್ರಾ, 1966ರಲ್ಲಿ ಟರ್ಕಿಯ ಅನಾದೋಲ್ ಕಾರುಗಳ ಹಿಂದೆ ಇದ್ದದ್ದು ಅವರೇ. ಅವರ ಕಿಟನ್ ಎಂಬ ಕಾರು, 848 ಸಿ.ಸಿ.ಯ ಪೂರ್ತಿ ಅಲ್ಯೂಮಿನಿಯಂ ಎಂಜಿನ್ ಸಮೇತ, ಬೆಂಗಳೂರಿನಲ್ಲಿ 'ಡಾಲ್ಫಿನ್' ಆಗಿ 1982ರಲ್ಲಿ ಹೊರಬಂತು. ಹಗುರವಾಗಿದ್ದುದರಿಂದ ರ‍್ಯಾಲಿ ಓಡಿಸುವವರಿಗೆ ಅಚ್ಚುಮೆಚ್ಚಾಯಿತು. ಮದರಾಸಿನ ಹತ್ತಿರ ಷೋಳಾವರಂ ವಿಮಾನದ ಹಳೆಯ ಓಡುಪಟ್ಟಿಯ ಪಂದ್ಯಗಳಲ್ಲಿ ತನಗಿಂತ ದೊಡ್ಡ ಕಾರುಗಳಿಗೆ ಬೆವರಿಳಿಸಿತು. ಸಂಸಾರಸ್ಥರಿಗೆ ಮಾತ್ರ ಅದರ ಎರಡೇ ಬಾಗಿಲು ಹಿಡಿಸಲಿಲ್ಲ. ಹಿಂದಿನ ಸೀಟಿನಲ್ಲಿ ಕೂರುವ ಅತ್ತೆ ಮಾವನನ್ನು ಮುಂದಿನ ಸೀಟು ಮಡಿಸಿ ಒಳಗೆ ತೂರಿಸುವುದು ಹೇಗೆ?

ಅಷ್ಟರಲ್ಲಿ 1983ರ ಡಿಸೆಂಬರ್ 14 ಬಂತು. ಸುಜುಕಿ ಜೊತೆ ಸೇರಿದ ಹೊಸ ಮಾರುತಿ ತನ್ನ ಮೊದಲ 800 ಕಾರನ್ನು ಹಸ್ತಾಂತರಿಸಿತು. ನಾಲ್ಕು ಬಾಗಿಲು, ಐವತ್ತು ಸಾವಿರ ರೂಪಾಯಿಗೆ ಒಳಗಿನ ಬೆಲೆ. ಬೆಂಗಳೂರಿನ ಕೈಕೆಲಸದ ಕಾರು ಅದರ ಎದುರು ನಿಲ್ಲುವುದು ಸಾಧ್ಯವಿರಲಿಲ್ಲ. ಮೊದಲೇ ಹೇಳಿದೆನಲ್ಲ, ನೂರರ ಲೆಕ್ಕ ಬೇರೆ, ಲಕ್ಷದ ಲೆಕ್ಕ ಬೇರೆ. ಸಿಪಾನಿಯವರು 1987ರಲ್ಲಿ ಹೆಚ್ಚು ಬಾಗಿಲುಗಳ ಮೊಂಟಾನಾ ತಂದರು, ಅದಕ್ಕೆ ಡೀಸೆಲ್ ಎಂಜಿನ್ನನ್ನೂ ಹಾಕಿದರು, 1990ರ ದಶಕದ ನಡುವೆ ರೋವರ್ ಮಾಂಟೆಗೊ ಕಾರನ್ನು ಬಿಡಿಭಾಗಗಳಲ್ಲಿ ತರಿಸಿ ಜೋಡಿಸಿದರು. ಆ ದಶಕ ಮುಗಿಯುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಜನ ಇಂದಿಗೂ ಈ ಕಾರುಗಳ ಬಗ್ಗೆ ನಗುತ್ತಾರೆ. ನಾನು ನಗಲಾರೆ. ಸರ್ಕಾರದ ಪಾಲು, ಜಪಾನಿನ ಹಣ ಯಾವುದೂ ಇಲ್ಲದೆ ಕಾಲು ಶತಮಾನದ ಹತ್ತಿರ ಬಾಳಿದ ಇನ್ನೊಂದು ಸಣ್ಣ ಕಾರಿನ ಕಂಪನಿ ಆ ಕಾಲದ ದಕ್ಷಿಣದಲ್ಲಿ ನನಗೆ ಕಾಣುವುದಿಲ್ಲ.

ಇನ್ನು ಮನೆಗೆ ಬರೋಣ. ದೊಡ್ಡಪ್ಪನ ಗಾಡಿ 1989ರ ತನಕ ಓಡಿತು. ಬಿಡಿಭಾಗ ಸಿಗದೆ ನಿಂತದ್ದನ್ನು ಎತ್ತುಗಳಿಂದ ಎಳೆಸಿ ಕೊಬ್ಬರಿ ಅಟ್ಟದ ಕೆಳಗೆ ಸೇರಿಸಿದರು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ, ನೀರು ತಾನೇ ಇಂಗಿ ಕೊಬ್ಬರಿ ಚಿಪ್ಪಿನೊಳಗೆ ಗಲಗಲ ಎನ್ನುವ ತನಕ. ಆ ಅಟ್ಟದಿಂದ ಉದುರಿದ ನಾರಿನ ಧೂಳು ಇಪ್ಪತ್ತೇಳು ವರ್ಷ ಕಾರಿನ ಮೇಲೆ ಬಿತ್ತು. 2016ರಲ್ಲಿ ತೆಂಗಿನ ಬೆಳೆಯ ಸಾಕ್ಷ್ಯಚಿತ್ರದ ಚಿತ್ರೀಕರಣಕ್ಕೆ ತಂಡದೊಡನೆ ಅಲ್ಲಿಗೆ ಹೋಗಿದ್ದಾಗ ಛಾಯಾಗ್ರಾಹಕರು ದೀಪ ಹಾಕಿದರು. ಧೂಳಿನಡಿ ಹಸಿರು ಬಣ್ಣ ಕಂಡಿತು. ಮೈ ತುಕ್ಕು ಹಿಡಿದಿರಲಿಲ್ಲ. ಫೈಬರ್ ತುಕ್ಕು ಹಿಡಿಯುವುದಿಲ್ಲ. ಅಡಿಯ ಕಬ್ಬಿಣದ ಚೌಕಟ್ಟು ಮಾತ್ರ ಹಪ್ಪಳವಾಗಿತ್ತು.

ಮೈ ಸರಿಮಾಡುವ ಕೆಲಸಕ್ಕೆ ಜನ ಸಿಕ್ಕಿದ್ದು ನನ್ನ ವೃತ್ತಿಯಿಂದಲೇ. ನಮ್ಮ ಸ್ಟುಡಿಯೊಗಳಲ್ಲಿ ನೀವು ನೋಡುವ ಹೊಯ್ಸಳ ಕಂಬಗಳಲ್ಲಿ ಎಷ್ಟೋ ಫೈಬರ್‌ನವು, ಇಬ್ಬರು ಹುಡುಗರು ಎತ್ತಿಕೊಂಡು ಹೋಗಬಹುದು. ಸೆಟ್ ಕಟ್ಟುವವರ ಮೂಲಕ ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟಿ ಪಳಗಿದ್ದ ಒಬ್ಬರು ಗೊತ್ತಾದರು. ಗಂಡಸಿಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಬಂದು, ಮೈಯನ್ನು ಬೆರಳಿನಿಂದ ತಟ್ಟಿ ತಟ್ಟಿ ಕೇಳಿದರು. ಪದರ ಬಿಟ್ಟ ಕಡೆ ಶಬ್ದ ಡಬ್ಬದಂತೆ ಬರುತ್ತದೆ. "ಬೋಟ್ ಇದ್ದ ಹಾಗೆಯೇ ಸಾರ್, ಗಾಳಿ ತೂರದಿದ್ದರೆ ಆಯ್ತು" ಎಂದರು. ಬಿರುಕಿನ ಎರಡೂ ಬದಿ ಇಳಿಜಾರಾಗಿ ಉಜ್ಜಿ, ಒಳಗಿನಿಂದ ಚಾಪೆ ಹಾಸಿ, ಐದು ದಿನದಲ್ಲಿ ಮುಗಿಸಿದರು. ಚೌಕಟ್ಟಿನ ಅಳತೆ ತೆಗೆದುಕೊಂಡು ಅರಸೀಕೆರೆಯಲ್ಲಿ ಹೊಸದು ಬೆಸೆಸಿದೆವು.

ಗಂಟು ಬಿದ್ದದ್ದು ಎಂಜಿನ್ನಿನಲ್ಲಿ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಒಂದಾಗಿತ್ತು. ಎರಡು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆ ಬೇರೆ ಇರುವುದಿಲ್ಲ, ಪೆಟ್ರೋಲಿನಲ್ಲೇ ಬೆರೆತು ಬರಬೇಕು. ಓಡದೆ ನಿಂತರೆ ಒಳಗೆ ಒಣಗುತ್ತದೆ. 2018ರಲ್ಲಿ ಹ್ಯಾಂಡ್‌ಪೋಸ್ಟಿನ ಮೆಕ್ಯಾನಿಕ್ ಒಬ್ಬರು ಸುಲಭದ ದಾರಿ ಹೇಳಿದರು: "ಸಾರ್, ಒಂದು ಆಟೋ ಎಂಜಿನ್ ಕೂರಿಸಿಬಿಡೋಣ. ವಾರದಲ್ಲಿ ಎದ್ದು ಓಡ್ತದೆ." ದೊಡ್ಡಪ್ಪನಿಗೆ ಆಗ ಎಂಬತ್ತೆರಡು. ಕಣ್ಣು ಮಂದವಾಗಿತ್ತು. ಅವರು, "ಹಾಕಿಸಿಬಿಡೋ, ಒಂದು ಸಲ ಅರಸೀಕೆರೆಗೆ ಹೋಗಿ ಬರೋಣ" ಎಂದರು.

ನಾನು ಒಪ್ಪಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಜಿಲ್ಲೆಯ ಗುಡಿಗಳು. ಅರಸೀಕೆರೆಯ ಈಶ್ವರ ದೇವಾಲಯ, ಹಾರನಹಳ್ಳಿಯ ಎರಡು ಗುಡಿಗಳು, ಬೇಲೂರು, ಹಳೇಬೀಡು ಎಲ್ಲವನ್ನೂ ಒಂದಲ್ಲ ಒಂದು ಸಲ ಚಿತ್ರೀಕರಿಸಿದ್ದೇನೆ. ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರ ತಮ್ಮ ಸಂರಕ್ಷಣಾ ಕೈಪಿಡಿಯಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿ ಏನೆಂದರೆ, ಹಳೆಯದನ್ನು ಉಳಿಸಿ, ಹೊಸದಾಗಿ ಕೆತ್ತಿ ಹಳೆಯದೆಂದು ನಂಬಿಸಬೇಡಿ. ಆಧಾರಕ್ಕೆ ಕಲ್ಲು ಬೇಕಾದ ಕಡೆ ಕೆತ್ತನೆಯಿಲ್ಲದ ನುಣುಪು ಕಲ್ಲು ಕೂರಿಸುವುದು ಅದಕ್ಕೇ. ಬೇರೆ ಎಂಜಿನ್ ಹಾಕಿದರೆ ಇದು ಬಾದಲ್ ಹೇಗಾಗುತ್ತದೆ, ಬಾದಲ್ ವೇಷದ ಆಟೋ ಆಗುತ್ತದೆ ಎಂದು ನಾನು ದೊಡ್ಡಪ್ಪನಿಗೇ ಉಪನ್ಯಾಸ ಕೊಟ್ಟೆ. ಅವರು ಪೂರ್ತಿ ಕೇಳಿ, "ದೇವಸ್ಥಾನ ನಿಂತಿದ್ದರೂ ದೇವಸ್ಥಾನವೇ ಕಣಪ್ಪ. ಕಾರು ನಿಂತರೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಹಟ ಬಿಡಲಿಲ್ಲ. ಪಿಸ್ಟನ್ ಹುಡುಕುತ್ತ ಎರಡು ವರ್ಷ ಹೋಯಿತು. 2020ರ ಡಿಸೆಂಬರಿನಲ್ಲಿ ದೊಡ್ಡಪ್ಪ ತೀರಿಕೊಂಡರು. ಗಾಡಿ ಅಟ್ಟದ ಕೆಳಗೇ ಇತ್ತು.

ಮರುವರ್ಷ, 2021ರ ಜುಲೈನಲ್ಲಿ, ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಹೊಸ ನಿಯಮ ಪ್ರಕಟಿಸಿತು. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ, ಫಲಕದಲ್ಲಿ 'ವಿಎ' ಎಂಬ ಅಕ್ಷರ. ನಿತ್ಯದ ಓಡಾಟಕ್ಕಿಲ್ಲ, ಪ್ರದರ್ಶನ, ರ‍್ಯಾಲಿಗೆ ಮಾತ್ರ. ನಮ್ಮ ಗಾಡಿ 1978ರದು, 2028ಕ್ಕೆ ಐವತ್ತು ತುಂಬುತ್ತದೆ. ಮೂಲ ರೂಪ ಬಿಡದೆ ಕಾದದ್ದು ಒಳ್ಳೆಯದಾಯಿತು ಎಂದು ಸಮಾಧಾನ ಮಾಡಿಕೊಂಡು ಮುಂದಕ್ಕೆ ಓದಿದರೆ, ನಿಯಮ ಹೇಳುವುದು ಎರಡು ಚಕ್ರದ ಮತ್ತು ನಾಲ್ಕು ಚಕ್ರದ ವಾಹನಗಳ ಬಗ್ಗೆ. ಮೂರು ಚಕ್ರದ ಕಾರೊಂದು ಈ ದೇಶದಲ್ಲಿ ಇತ್ತೆಂಬುದು ಕರಡು ಬರೆದವರ ನೆನಪಿಗೆ ಬಂದಿರಲಿಕ್ಕಿಲ್ಲ. ಆ ಸಂವಾದದ ಅತಿಥಿಗಳನ್ನು ಮಾತ್ರ ನಾನೇಕೆ ದೂರಲಿ?

ಪಿಸ್ಟನ್ ಕೊನೆಗೂ ಸಿಕ್ಕಿತು, ಹಳೆಯ ಮೂರು ಚಕ್ರದ ಗೂಡ್ಸ್ ಗಾಡಿಯೊಂದರದು. ಬೆಂಗಳೂರಿನ ಒಂದು ಲೇತ್ ಅಂಗಡಿಯಲ್ಲಿ ಸಿಲಿಂಡರಿಗೆ ಹೊಸ ತೋಳು ಕೂರಿಸಿ, ಅಳತೆಗೆ ಬೋರ್ ಹೊಡೆಸಿದೆವು. ಎಣ್ಣೆಯ ಸೀಲುಗಳು, ಬೇರಿಂಗು, ಕಾರ್ಬೊರೇಟರಿನ ಜೆಟ್ಟು ಎಲ್ಲ ಬೇರೆ ಬೇರೆ ಗಾಡಿಗಳಿಂದ ಬಂದವು. ಲೆಕ್ಕ ಹಾಕಿದರೆ ಈಗ ಆ ಎಂಜಿನ್ನಿನಲ್ಲಿ ಮೂಲದ್ದು ಅರ್ಧವೂ ಉಳಿದಿಲ್ಲ. ಅಂದು ಆಟೋ ಎಂಜಿನ್ ಬೇಡವೆಂದವನು ನಾನೇ. ಬದಲಿಸಿದ ಪ್ರತಿ ತುಂಡನ್ನೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಚೀಟಿ ಅಂಟಿಸಿ ಇಟ್ಟಿದ್ದೇನೆ, ಪುರಾತತ್ವದವರು ಬಿದ್ದ ಕಲ್ಲುಗಳನ್ನು ಗುಡಿಯ ಪಕ್ಕದಲ್ಲಿ ಜೋಡಿಸಿಡುವ ಹಾಗೆ.

ಫೈಬರ್ ಮತ್ತು ಬೆಂಗಳೂರಿನ ನಂಟು ಅಷ್ಟಕ್ಕೇ ಮುಗಿಯಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಬೆಂಗಳೂರಿನ ಸ್ಯಾನ್ ಮೋಟರ್ಸ್ 1990ರ ದಶಕದ ಕೊನೆಗೆ ಸ್ಟಾರ್ಮ್ ಎಂಬ ಎರಡು ಸೀಟಿನ ಫೈಬರ್ ಕಾರು ತಂದಿತು, ತಯಾರಿ ಗೋವಾದಲ್ಲಿ. 2001ರಲ್ಲಿ ಬಂದ ರೇವಾ ವಿದ್ಯುತ್ ಕಾರಿನ ಮೈಯೂ ಪ್ಲಾಸ್ಟಿಕ್ಕಿನದೇ; ಅದರ ಅತಿ ಭಾರದ ವಸ್ತುವಾದ ಬ್ಯಾಟರಿ ಮುಂದಿನ ಸೀಟುಗಳ ಕೆಳಗೆ, ಬಲ್ಲ ರೈತ ಹೇರು ಇಡುವ ಜಾಗದಲ್ಲೇ ಇತ್ತು. 2010ರಲ್ಲಿ ಅದು ಮಹೀಂದ್ರದ ಪಾಲಾಯಿತು.

ನಮ್ಮ ಬಾದಲ್ 2023ರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ ಹೊತ್ತಿಕೊಂಡಿತು. ಅಟ್ಟದ ಮನೆಯೆಲ್ಲ ನೀಲಿ ಹೊಗೆ. ಹಿತ್ತಲಲ್ಲಿದ್ದ ದೊಡ್ಡಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಬಂದು ಬಾಗಿಲಲ್ಲಿ ನಿಂತರು. ನೋಂದಣಿ ಇಲ್ಲದ್ದರಿಂದ ರಸ್ತೆಗೆ ಇಳಿಸುವಂತಿಲ್ಲ. "ಹತ್ತಿ ದೊಡ್ಡಮ್ಮ, ತೋಟದಲ್ಲಿ ಒಂದು ಸುತ್ತು ಹೋಗೋಣ" ಎಂದೆ. ಮುಂದಿನ ಎಡಸೀಟನ್ನು ನಾನು ಒರೆಸುತ್ತಿದ್ದರೆ ಅವರು ಹಿಂದಿನ ಸೀಟಿಗೆ ಹೋಗಿ ಕೂತರು. "ನಾನು ಯಾವಾಗಲೂ ಇಲ್ಲೇ ಕೂರ್ತಿದ್ದದ್ದು. ಮುಂದೆ ನಿಮ್ಮ ದೊಡ್ಡಪ್ಪನ ಪುಸ್ತಕದ ಚೀಲ ಇರ್ತಿತ್ತು" ಎಂದರು. ತೋಟದ ಬದುವಿನ ಗುಂಟ, ಪಂಪ್‌ಹೌಸಿನ ತನಕ ಹೋಗಿ ತಿರುಗಿಸಿದೆ. ತಿರುವಿಗೆ ಮುಂಚೆಯೇ ಬ್ರೇಕ್ ಹಾಕಿದೆ.